ರಿಗ್ ತಲುಪದ ದೋಣಿ

ದೋಣಿ ಕಾಲುವೆ ದಂಡೆಯ ಕಾಂಡ್ಲಾ ಮರಗಳ ಬೇರುಗಳ ನಡುವೆ ಮೂತಿ ತೂರಿಸಿ ನಿಂತಿತ್ತು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಒಳಗಿದ್ದವನು ಒಬ್ಬನೇ—ಕೈಕಾಲು ಕಟ್ಟಿಸಿಕೊಂಡು, ಹಣೆ ಒಡೆಸಿಕೊಂಡು ಬಿದ್ದಿದ್ದ ಚಾಲಕ ದಗೋಗೋ. ಬಾನಿ ದ್ವೀಪದಿಂದ ನಡುಸಮುದ್ರದ ತೈಲದ ರಿಗ್ಗಿಗೆ ಹೊರಟಿದ್ದ ಮೂವರು ಮೆಕ್ಯಾನಿಕ್ಕರು ಮಾಯ. ಅವರಲ್ಲೊಬ್ಬ ನನ್ನ ತಮ್ಮ ಸೊಬೊಮಾ.

ತೈಲದಲ್ಲಿ ಪಾಲು ಕೇಳಿ ಸರ್ಕಾರದ ಮೇಲೆ ಬಂದೂಕು ಎತ್ತಿದ ಹುಡುಗರದೇ ಕೆಲಸ. ಅದರಲ್ಲಿ ಸಂಶಯವಿಲ್ಲ. ಆದರೆ ಅವರಿಗೆ ದಾರಿ ಹೇಳಿದವರು ಯಾರು? ಅಪಾಯ ತಪ್ಪಿಸಲೆಂದೇ ನಮ್ಮ ತೈಲ ಕಂಪನಿಯ ದೋಣಿಗಳು ದಿನಕ್ಕೊಂದು ಕಾಲುವೆ ಹಿಡಿಯುತ್ತಿದ್ದವು. ಅಂದಿನ ದಾರಿ ಗೊತ್ತಿದ್ದದ್ದು ಮೂವರಿಗೆ: ನೌಕಾಪಡೆಯ ಯಾಕುಬು, ರೇಡಿಯೋ ನೋಡಿಕೊಳ್ಳುವ ಒಬಿಯೋರಾ, ಮತ್ತು ದಗೋಗೋ.

ಯಾಕುಬು ಮಾತಾಡಿದರೆ ಪ್ರತಿ ವಾಕ್ಯವೂ ಸೆಲ್ಯೂಟ್ ಹೊಡೆದಂತಿರುತ್ತದೆ. ಸಂಜೆಯೊಳಗೆ ಸುಳಿವು ಸಿಗದಿದ್ದರೆ ಗನ್‌ಬೋಟ್ ಇಳಿಸುವೆನೆಂದ. ಇಳಿದರೆ ಗುಂಡು ಹಾರುತ್ತದೆ. ಹಾರಿದರೆ ಒತ್ತೆಯಾಳುಗಳು ಉಳಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಕಂಪನಿಯ ಅಪಾಯ ನಿರ್ವಹಣೆ ನೋಡಿಕೊಳ್ಳುವ ನನ್ನ ಮೇಲಧಿಕಾರಿ ಇಬಿಫುರೊ ಮೇಡಂ ಮಾತ್ರ ನಿರಾತಂಕವಾಗಿ ದೋಣಿಯ ಕ್ಯಾಬಿನ್ನಿಗೆ ಇಳಿದರು. ಅಲ್ಲಿ ಊಟದ ಡಬ್ಬಿ, ಟಾರ್ಚು, ಸೀಲೂ ಒಡೆಯದ ಜಿನ್ ಬಾಟಲಿ.

"ಆ ಹುಡುಗರು ಕುಡಿಯೋದನ್ನೂ ಮುಟ್ಟಿಲ್ಲ. ಶಿಸ್ತಿನ ತಂಡ," ಎಂದ ಯಾಕುಬು.

ಒಬಿಯೋರಾನನ್ನು ವಿಚಾರಿಸಿದ್ದಾಯಿತು. ಬೆಳಗಿನಿಂದ ರೇಡಿಯೋ ಕೆಟ್ಟಿತ್ತೆಂದು ಅವನು ಹೇಳಿದ ರೀತಿ ಕೆಟ್ಟ ರೇಡಿಯೋದಂತೆಯೇ ಇತ್ತು. ನನ್ನ ಅನುಮಾನವೆಲ್ಲ ಅವನ ಮೇಲೆ. ಇಬಿಫುರೊ ಅವನನ್ನು ಬಿಟ್ಟು, ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ದಗೋಗೋನ ಪಕ್ಕ ಕುಳಿತರು.

"ಅಣ್ಣಾ, ಹೊರಡೋವಾಗ ಯಾವಾಗಿನ ಹಾಗೆ ಕಾಲುವೆ ನೀರಿಗೆ ಜಿನ್ ಹಾಕಿದ್ರಾ?"

"ಗಡಿಬಿಡೀಲಿ ಮರೆತೆ ಕಣಮ್ಮಾ."

"ಹೋದ ವರ್ಷ ಜೆಟ್ಟಿ ಮೇಲೆ ಗುಂಡು ಬೀಳ್ತಿತ್ತು. ನಾವೆಲ್ಲ ದೋಣಿ ತಳದಲ್ಲಿ ಬೋರಲು ಬಿದ್ದಿದ್ವಿ. ನೀವು ಮೊದಲು ಜಿನ್ ಸುರಿದು, ಸಮುದ್ರಕ್ಕೆ ಹೋಗ್ತಿದೀವಿ, ಕಾಪಾಡು ಅಂತ ನೀರಿಗೆ ಹೇಳಿ, ಆಮೇಲೆ ಹಗ್ಗ ಬಿಚ್ಚಿದ್ರಿ. ಇವತ್ತು ಅದಕ್ಕಿಂತ ಗಡಿಬಿಡಿನಾ?"

ದಗೋಗೋ ತಲೆ ತಗ್ಗಿಸಿದ.

"ನೀವು ಮರೆತಿಲ್ಲ. ಈ ದೋಣಿ ಸಮುದ್ರ ಮುಟ್ಟಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ನಮಗೆಲ್ಲ ಸುಳ್ಳು ಹೇಳಿದ್ರಿ. ನೀರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ದಾರಿ ಹೇಳಿಕೊಟ್ಟವರು ನೀವೇ."

ದಗೋಗೋ ಒಪ್ಪಿಕೊಂಡ. ಯಾರಿಗೂ ಏನೂ ಮಾಡುವುದಿಲ್ಲವೆಂದು ಹುಡುಗರು ಆಣೆಯಿಟ್ಟಿದ್ದರಂತೆ. ಹಣೆಗೆ ಹೊಡೆಸಿಕೊಂಡದ್ದೂ ಒಪ್ಪಂದದಲ್ಲೇ ಸೇರಿತ್ತಂತೆ. ಕೊನೆಗೆ ಜಾಗ ಹೇಳಿದ: ತನ್ನದೇ ಊರಿನ ಹಿಂದಿನ ಕಾಲುವೆ.

"ಗನ್‌ಬೋಟ್ ಬೇಡ. ಚುಕ್ಕಾಣಿ ಇವರೇ ಹಿಡೀಲಿ," ಎಂದರು ಇಬಿಫುರೊ.

"ಕೈದಿ ಕೈಗಾ?" ಯಾಕುಬುವಿನ ಸೆಲ್ಯೂಟ್ ಅರ್ಧಕ್ಕೇ ನಿಂತಿತು.

"ಊರಿನವರ ದನಿ ಕೇಳಿದ್ರೆ ಹುಡುಗರು ಗುಂಡು ಹಾರಿಸಲ್ಲ. ಪಕ್ಕದಲ್ಲಿ ನಾನು ಕೂತಿರ್ತೀನಿ."

ದಗೋಗೋನ ಮಾತಿಗೆ ಹುಡುಗರು ಬಿಟ್ಟುಕೊಟ್ಟ ಮೂವರು ಮೆಕ್ಯಾನಿಕ್ಕರೂ ಹೊತ್ತು ಮುಳುಗುವ ಮುನ್ನ ಜೆಟ್ಟಿಯಲ್ಲಿ ಇಳಿದರು. ಸೊಬೊಮಾನ ನಾಲಿಗೆ ಮೊದಲಿನಂತೆಯೇ ಓಡುತ್ತಿತ್ತು.

"ಊಟಕ್ಕೇನೂ ಕಡಿಮೆ ಮಾಡಿಲ್ಲ ಕಣಣ್ಣಾ. ಮೀನು ಸಾರು ಕೊಟ್ರು. ಎಷ್ಟು ಹುಡುಕಿದ್ರೂ ಒಂದು ತುಂಡು ಮೀನಿಲ್ಲ."

ಚುಕ್ಕಾಣಿ ಬಿಟ್ಟಿಳಿದು, ಕೈಗೆ ಬೇಡಿ ತೊಟ್ಟು ಹಿಂದೆಯೇ ಬರುತ್ತಿದ್ದ ದಗೋಗೋ ನಿಂತ.

"ಕಂಪನಿ ಎಣ್ಣೆ ಸೋರಿ ಬಿದ್ದ ಮೇಲೆ ಆ ಕಾಲುವೇಲಿ ಮೀನೆಲ್ಲಿ ಮಗಾ? ಇದ್ದಿದ್ರೆ ನಾನು ಆ ಹುಡುಗರ ಮಾತು ಕೇಳ್ತಿದ್ನಾ?"