ಗೂಡಿನಲ್ಲಿಟ್ಟ ಬಲಗೈ

ಒಂದಾನೊಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದನಂತೆ. ಯುದ್ಧಕ್ಕೆ ಹೊರಡುವಾಗ ಅವನು ತನ್ನ ಬಲಗೈಯನ್ನು ಮನೆಯ ಗೋಡೆಗೂಡಿನಲ್ಲಿಟ್ಟು ಹೋದನಂತೆ. ಹೋದವನು ಬರಲಿಲ್ಲ. ಕೈ ಮಾತ್ರ ಗೂಡಿನಲ್ಲಿ ಕಾಯುತ್ತ ಕುಳಿತಿತ್ತಂತೆ. ಒಂದು ದಿನ ಬೆಳಗಾಗುವಷ್ಟರಲ್ಲಿ ಅದೂ ಎದ್ದು ಹೋಯಿತಂತೆ.

ಅಜ್ಜಿಯರ ಬಾಯಲ್ಲಾದರೆ ಕತೆ ಹೀಗೆ ಶುರುವಾಗುತ್ತದೆ. ಉಮುಡಾರ ಠಾಣೆಯ ಡೈರಿಯಲ್ಲಿರುವುದು ಬೇರೆ. ೧೯೯೭ರ ಜನವರಿ ೧೪, ಬೆಳಿಗ್ಗೆ ಎಂಟೂವರೆ. ದೂರುದಾರ ಎಜಿಮೊಫೊ, ವ್ಯವಸಾಯ. ಕಳುವಾದ ವಸ್ತು: ಅಣ್ಣ ಇಲೋಕಾನ ಇಕೆಂಗಾ. ಎರಡು ಕೊಂಬು, ಬಲಗೈಯಲ್ಲಿ ಕತ್ತಿ ಇರುವ ಮರದ ಬೊಂಬೆ, ಮೊಳದುದ್ದ. ಗಂಡಸಿನ ಬಲಗೈಯ ಶಕ್ತಿಯೆಂದು ಮನೆಯಲ್ಲಿಟ್ಟು ಪೂಜಿಸುವಂಥದು.

ಇನ್ಸ್‌ಪೆಕ್ಟರ್ ನ್ವಕೆಗೊ ಬರೆಯುವುದನ್ನು ನಿಲ್ಲಿಸಿ ಮುದುಕನನ್ನು ನೋಡಿದಳು. ಒಣಗಾಳಿಯ ಧೂಳು ಅವನ ರೆಪ್ಪೆಯ ಮೇಲೂ ಕೂತಿತ್ತು. ಒಂದೊಂದು ಮಾತಿಗೂ ಕೆಮ್ಮುತ್ತಿದ್ದ.

"ಅಣ್ಣ ಎಲ್ಲಿದ್ದಾರೆ?"

"ಅರವತ್ತೆಂಟನೇ ಇಸವೀಲಿ ಯುದ್ಧಕ್ಕೆ ಹೋದ. ಆಮೇಲೆ ಸುದ್ದಿ ಇಲ್ಲ."

"ಈಗ ಯಾಕೆ ಅದರ ಯೋಚನೆ?"

"ಬರೋ ಎಕೆ ಸಂತೆ ದಿನ ಅವನ ಕರ್ಮ ಇಟ್ಕೊಂಡಿದೀವಿ. ದೇಹ ಇಲ್ಲ, ಬಾಳೆದಿಂಡನ್ನೇ ಮಣ್ಣು ಮಾಡ್ಬೇಕು. ಇಕೆಂಗಾ ಒಡೆದು ಅರ್ಧ ಅದರ ಜೊತೆ ಇಡ್ಬೇಕು. ಒಡೀದೇ ಇದ್ರೆ ಸತ್ತ ಅಂತ ಆಗಲ್ಲ ಮಗಳೇ."

"ಇನ್ನೊಂದು ವರ್ಷ ಮುಂದೆ ಹಾಕಿ."

"ಹಾಕ್ತಿದ್ದೆ." ಮುದುಕ ಎದೆ ಮುಟ್ಟಿ ತೋರಿಸಿದ. "ಇದು ಇನ್ನೊಂದು ವರ್ಷ ಬಿಡಲ್ಲ ಅಂತಾರೆ ಆಸ್ಪತ್ರೇಲಿ. ಅಣ್ಣಂದು ಆಗದೆ ತಮ್ಮಂಗೆ ಯಾರೂ ಕರ್ಮ ಮಾಡೋ ಹಾಗಿಲ್ಲ. ನಾನೂ ಅವನ ಥರಾನೇ ದಾರಿಮಧ್ಯೆ ನಿಂತ್ಕೋಬೇಕಾ? ಎಕೆ ದಿನಕ್ಕೆ ತಂದುಕೊಡ್ತೀಯಾ?"

ಠಾಣೆಯಲ್ಲಿ ಕೂತು ಯಾರಿಗೂ ಮಾತು ಕೊಡಬಾರದು ಎನ್ನುವುದನ್ನು ನ್ವಕೆಗೊ ಬಹಳ ಹಿಂದೆಯೇ ಕಲಿತಿದ್ದಳು. ಅವತ್ತು ತಲೆ ನೋಯುತ್ತಿತ್ತು. "ತರ್ತೀನಿ, ಹೋಗಿ ಬನ್ನಿ" ಎಂದುಬಿಟ್ಟಳು.

ಮಧ್ಯಾಹ್ನ ಅವಳೂ ಕಾನ್‌ಸ್ಟೆಬಲ್ ಡುಬೆಮ್ಮನೂ ಆ ಮನೆಗೆ ಹೋದರು. ಡುಬೆಮ್ ನಿವೃತ್ತಿಗೆ ಹತ್ತಿರವಾದವನು, ಹೊಟ್ಟೆಯ ಭಾರಕ್ಕೆ ಜೀಪಿನಿಂದ ಒಂದು ಕಡೆ ವಾಲಿಯೇ ಇಳಿಯುತ್ತಿದ್ದ. ಇಬ್ಬರು ಪಂಚರ ಮುಂದೆ ಮಹಜರು ನಡೆಯಿತು. ಯಜಮಾನರ ಹಜಾರ, ಬಾಗಿಲಿಗೆ ಬೀಗವಿಲ್ಲ. ಗೋಡೆಗೂಡಿನ ಮಸಿಯ ನಡುವೆ ಬೊಂಬೆ ಕೂತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಆ ಬೆಳ್ಳನೆಯ ನಡುವೆ, ಬಂದವರಿಗೂ ದೇವರಿಗೂ ಕೊಡುವ ಕೋಲಾ ಕಾಯಿ ಒಂದು, ಇಡಿಯಾಗಿ.

"ಇದನ್ನೂ ಬರೀಲಾ ಮೇಡಂ?"

"ಬರಿ. ಕಾಗದದಲ್ಲಿ ಸುತ್ತಿ ಇಟ್ಕೋ."

ಇಲೋಕಾನ ಹೆಂಡತಿ ಒಗುಗುವಾ ಅಡುಗೆ ಗುಡಿಸಲಿನ ಮುಂದೆ ಕಲ್ಲಂಗಡಿ ಬೀಜ ಸುಲಿಯುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ಬೆರಳುಗಳು ಮಾತಿಗೆ ನಿಲ್ಲಲಿಲ್ಲ.

"ಕೊನೇ ಸಲ ನೋಡಿದ್ದು ಯಾವಾಗಮ್ಮಾ?"

"ದಿನಾ ನೋಡ್ತಿದ್ದೆ."

"ಯಾರ ಮೇಲಾದ್ರೂ ಅನುಮಾನ?"

"ಪೇಟೆಯಿಂದ ಹಳೇ ಮರ ಕೊಳ್ಳೋನೊಬ್ಬ ಬರ್ತಿದ್ದ. ಅವನನ್ನೇ ಕೇಳಿ."

"ಬೇಜಾರಾಯ್ತಾ?"

"ಬೇಜಾರು ಅನ್ನೋದು ಇಷ್ಟು ವರ್ಷ ತಾಳುತ್ತಾ ಮಗಳೇ?" ಎಂದು ಒಗುಗುವಾ ಬೀಜದ ಸಿಪ್ಪೆ ಊದಿದಳು.

ಮರುದಿನ ಪೇಟೆಯಲ್ಲಿ ಆ ವ್ಯಾಪಾರಿ ಸಿಕ್ಕಿದ. ಸಿಲ್ವಾನಸ್ ಅಂತ ಹೆಸರು. ಅಂಗಡಿ ತುಂಬ ಮುಖವಾಡ, ಮಣೆ, ಒಡೆದ ಡೋಲು. ಇಕೆಂಗಾಗಳೂ ಇದ್ದವು. ಎಜಿಮೊಫೊ ಹೇಳಿದ ಗುರುತಿನದು ಒಂದೂ ಇರಲಿಲ್ಲ.

"ಆ ಮನೆಗೆ ಹೋಗಿದ್ಯಾ?"

"ಎರಡು ಸಲ ಹೋಗಿದ್ದೆ ಮೇಡಂ. ಎರಡನೇ ಸಲ ಆ ಯಮ್ಮ ಒನಕೆ ತಗೊಂಡು ರಸ್ತೆವರೆಗೂ ಅಟ್ಟಿಸ್ಕೊಂಡು ಬಂದ್ಳು. ನನ್ನ ಚಪ್ಪಲಿ ಇನ್ನೂ ಅಲ್ಲೇ ಎಲ್ಲೋ ಇರ್ಬೇಕು. ಸಿಕ್ಕಿದ್ರೆ ಅದನ್ನೂ ಮಹಜರು ಮಾಡಿ ತಂದುಕೊಡಿ."

"ಬೊಂಬೆ ತಗೊಂಡು ಆ ಜಾಗದಲ್ಲಿ ಕೋಲಾ ಇಟ್ಟು ಬರ್ತೀಯಾ?"

ಸಿಲ್ವಾನಸ್‌ಗೆ ನಗು ತಡೆಯಲಾಗಲಿಲ್ಲ. "ನಾನು ಚರ್ಚಿಗೆ ಹೋಗೋನು. ಕೋಲಾ ಸಿಕ್ಕಿದ್ರೆ ತಿಂತೀನಿ."

ಸುಳ್ಳಾಡುವ ಮುಖವಲ್ಲ ಅದು, ಎಷ್ಟೇ ಲಾಭಕೋರನಾದರೂ. ವಾಪಸು ಬರುವ ದಾರಿಯುದ್ದಕ್ಕೂ ಡುಬೆಮ್ ನಿದ್ದೆ ಮಾಡಿದ. ನ್ವಕೆಗೊಗೂ ಕಣ್ಣು ಎಳೆಯುತ್ತಿತ್ತು.

ಎಕೆ ಸಂತೆ ನಾಲ್ಕು ದಿನಕ್ಕೊಮ್ಮೆ. ಅದರ ಹಿಂದಿನ ದಿನವೂ ಏನೂ ಹೊಳೆಯಲಿಲ್ಲ. ಸಂಜೆ ಊರಿನ ಹಿರಿಯರಿಬ್ಬರು ಜಮೀನಿನ ತಕರಾರು ಹಿಡಿದು ಠಾಣೆಗೆ ಬಂದರು. ಬಂದವರಿಗೆ ಕೋಲಾ ಕೊಡಬೇಕು. ನ್ವಕೆಗೊ ಮೇಜಿನ ಖಾನೆಯಿಂದ ಕಾಯಿ ತೆಗೆದು, ಎಂದಿನಂತೆ ಡುಬೆಮ್ಮನ ಕಡೆ ಚಾಚಿದಳು. ಠಾಣೆಗೆಲ್ಲ ಅವಳೇ ದೊಡ್ಡವಳು, ಸಹಿ ಅವಳದು, ಪಿಸ್ತೂಲು ಅವಳದು. ಕೋಲಾ ಒಡೆಯುವ ಕೈ ಮಾತ್ರ ಗಂಡಸಿನದೇ ಆಗಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಅದಕ್ಕೆ ಸಿಟ್ಟು ಬಂದಿತ್ತು. ಆಮೇಲೆ ಕೈ ತಾನಾಗಿ ಚಾಚುವುದನ್ನು ಕಲಿತಿತ್ತು.

ಈಗ ಚಾಚಿದ ಕೈ ಹಾಗೇ ನಿಂತಿತು.

"ಕೊಡಿ ಮೇಡಂ, ಹಿರಿಯರು ಕಾಯ್ತಿದಾರೆ" ಎಂದ ಡುಬೆಮ್.

"ಡುಬೆಮ್, ನೀನು ಇಕೆಂಗಾಗೆ ಕೋಲಾ ಕೊಟ್ರೆ ಹೇಗೆ ಕೊಡ್ತೀಯಾ?"

"ಇದೇನು ಕೇಳ್ತೀರಿ. ಒಡೆದು ಕೊಡ್ತೀನಿ. ಒಡೀದೇ ಕೊಟ್ರೆ ಅದು ತಿನ್ನೋದು ಹೇಗೆ?" ಎಂದವನೇ ಬಾಯಿ ಮುಚ್ಚಿದ. ಅವನಿಗೂ ಅರ್ಥವಾಗಿತ್ತು.

ಕಳ್ಳತನಕ್ಕೆ ಹೆದರದ ಕೈ ಕೋಲಾ ಒಡೆಯುವುದಕ್ಕೆ ಹೆದರಿತ್ತು.

ಎಕೆ ದಿನ ಬೆಳಿಗ್ಗೆ ಆರು ಗಂಟೆಗೆ ಅವರು ಅಡುಗೆ ಗುಡಿಸಲಿನ ಬಾಗಿಲಲ್ಲಿದ್ದರು. ಒಗುಗುವಾ ಒಲೆಯ ಮುಂದಿದ್ದಳು. ಒಲೆಯ ಮೇಲಿನ ಅಟ್ಟದಲ್ಲಿ ಮೆಕ್ಕೆಜೋಳ, ಹೊಗೆಮೀನು, ಅವುಗಳ ಹಿಂದೆ ಬಟ್ಟೆಯ ಒಂದು ಗಂಟು. ನ್ವಕೆಗೊ ಕತ್ತೆತ್ತಿ ಅದನ್ನೇ ನೋಡುತ್ತ ನಿಂತಳು.

"ನಾನೇ ಇಳಿಸ್ತೀನಿ, ನಿಮ್ಮೋರು ಹತ್ತಿದ್ರೆ ಅಟ್ಟ ಬೀಳುತ್ತೆ" ಎಂದಳು ಒಗುಗುವಾ.

ಗಂಡಸಿನ ಹಳೆಯ ಅಂಗಿಯೊಳಗೆ ಇಕೆಂಗಾ ಮಲಗಿತ್ತು. ಒಂದು ಕೊಂಬಿನ ತುದಿ ಸವೆದು ಮಿನುಗುತ್ತಿತ್ತು.

"ಯಾಕಮ್ಮಾ?"

"ಹೋಗೋವಾಗ ಅವರು ಹೇಳಿದ್ರು, ನಾನು ಬರೋವರೆಗೆ ಇದರ ಬಾಯಿ ಒಣಗಿಸಬೇಡ ಅಂತ. ಪ್ರತಿ ಎಕೆಗೂ ಮೈದುನನ ಕೈಲಿ ಕೋಲಾ ಒಡಿಸಿ ಇಡ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ಎಕೇನೂ ತಪ್ಪಿಸಿಲ್ಲ. ಹೋದ ಎಕೆ ದಿನ ಅವನು, ಇನ್ನು ಒಡೆಯೋದು ಕೋಲಾ ಅಲ್ಲ ಅತ್ತಿಗೆ, ಬೊಂಬೆ ಅಂದ."

"ಅದಕ್ಕೆ ಇಡೀ ಕಾಯಿ ಇಟ್ರಿ."

"ಬರಿಗೂಡು ಬಿಡೋಕೆ ಮನಸ್ಸಾಗಲಿಲ್ಲ. ನಾನು ಒಡೆಯೋ ಹಾಗಿಲ್ವಲ್ಲ."

ಒಲೆಯಲ್ಲಿ ಸೌದೆ ಚಟಗುಟ್ಟಿತು. ನ್ವಕೆಗೊ ಮಣೆ ಎಳೆದು ಕೂತಳು. ಮಂಡಿ ನೋಯುತ್ತಿತ್ತು.

"ಬರ್ತಾರೆ ಅಂತ ನಂಬಿದೀರಾ?"

"ಇಲ್ಲ." ಒಗುಗುವಾ ತಡವರಿಸಲಿಲ್ಲ. "ಆ ನಂಬಿಕೆ ಹೋಗಿ ಎಷ್ಟೋ ಕಾಲ ಆಯ್ತು. ಆದ್ರೆ ಬರಲ್ಲ ಅಂತ ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಅದನ್ನ ಒಡೆಯೋವಾಗ ಪಕ್ಕದಲ್ಲಿ ನಿಂತಿದ್ರೆ, ನಾನೂ ಹೇಳಿದ ಹಾಗೇ ಅಲ್ವಾ?"

ಏಳೂ ಇಪ್ಪತ್ತಕ್ಕೆ ಬಂಧನವೆಂದು ಡುಬೆಮ್ ಬರೆದುಕೊಂಡ. ಒಗುಗುವಾ ಸಾರಿನ ಮಡಕೆಗೆ ಮುಚ್ಚಳ ಮುಚ್ಚಿ, ಒಳ್ಳೆಯ ಬಟ್ಟೆ ಸುತ್ತಿಕೊಂಡು ಬಂದಳು. "ಕೈಗೆ ಬೇಡಿ ಹಾಕ್ತೀರಾ?" ಎಂದು ಕೇಳಿದಳು, ಕುತೂಹಲಕ್ಕೆಂಬಂತೆ.

"ಬೇಡಿ ಠಾಣೇಲಿ ಉಳೀತು" ಎಂದ ಡುಬೆಮ್. ಅದು ಅವನ ಸೊಂಟದಲ್ಲೇ ತೂಗುತ್ತಿತ್ತು.

ಠಾಣೆಗೆ ಹೋಗುವ ಮುಂಚೆ ನ್ವಕೆಗೊಗೆ ಒಂದು ಕೆಲಸ ಬಾಕಿಯಿತ್ತು. ಬೊಂಬೆ ಹಿಡಿದ ಒಗುಗುವಾಳನ್ನು ಕರೆದುಕೊಂಡು ಅಂಗಳ ದಾಟಿ ಹಜಾರಕ್ಕೆ ನಡೆದಳು. ಕುಲದವರು ಸೇರಿದ್ದರು. ಬಾಳೆದಿಂಡು ಬಿಳಿಬಟ್ಟೆ ಹೊದ್ದು ಮಲಗಿತ್ತು. ಎಜಿಮೊಫೊ ಬೊಂಬೆಯನ್ನು ನೋಡಿದ, ಅದನ್ನು ಹಿಡಿದಿದ್ದ ಅತ್ತಿಗೆಯನ್ನು ನೋಡಿದ. ಕೆಮ್ಮುತ್ತಲೇ ಹತ್ತಿರ ಬಂದ.

"ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ ಅತ್ತಿಗೆ."

"ಹೇಳಿದ್ರೆ ನೀನು ಸಾಯೋದನ್ನ ಮುಂದಕ್ಕೆ ಹಾಕ್ತಿದ್ಯಾ?"

ಯಾರೋ ನಕ್ಕರು. ಎಜಿಮೊಫೊನೂ ಅರ್ಧ ನಕ್ಕ. ಆಮೇಲೆ ನ್ವಕೆಗೊ ಕಡೆ ತಿರುಗಿದ. "ಗೂಡಲ್ಲಿ ಒಂದು ಕೋಲಾ ಇತ್ತಲ್ಲ, ಅದು ಬೇಕು."

"ಮೇಡಂ, ಅದು ಸಾಕ್ಷ್ಯ" ಎಂದು ಡುಬೆಮ್ ಪಿಸುಗುಟ್ಟಿದ.

"ಕೊಡು. ಬಳಕೆಯಾಯ್ತು ಅಂತ ಬರ್ಕೋ."

ಕಾಯಿ ಒಣಗಿ ಸುಕ್ಕಾಗಿತ್ತು. ಎಜಿಮೊಫೊ ಅಣ್ಣನ ಹೆಸರು ಕರೆದು, ಉಗುರು ತೂರಿಸಿ ಅದನ್ನು ಒಡೆದ. ನಾಲ್ಕು ಹೋಳಾಯಿತು. ಒಂದನ್ನು ಬೊಂಬೆಯ ಬಾಯಿಗೆ ಒತ್ತಿದ, ಒಂದನ್ನು ಅತ್ತಿಗೆಗೆ ಕೊಟ್ಟ. ಅವಳು ನಿಧಾನವಾಗಿ ಅಗಿದಳು.

ಮುದುಕ ಮಚ್ಚು ಎತ್ತಿದ. ಬೊಂಬೆ ಮಣೆಯ ಮೇಲೆ ವಾಲುತ್ತಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಗುಗುವಾ ಮಂಡಿಯೂರಿ, ಎರಡೂ ಕೈಗಳಿಂದ ಬೊಂಬೆಯ ಬುಡವನ್ನು ಗಟ್ಟಿಯಾಗಿ ಹಿಡಿದಳು.

"ಹೊಡಿ" ಎಂದಳು.

ಎಜಿಮೊಫೊ ಹೊಡೆದ. ಕೊಂಬುಗಳ ನಡುವಿನಿಂದ ಮರ ಎರಡಾಯಿತು.