ಗೋಣಿ ಇಲ್ಲದ ಹೆಗಲು

"ಟೀಚರ್, ನನ್ನ ಗಂಡಗ ಗಿಡಕ ಕಟ್ಟಿ ಬಡ್ಯಾಕತ್ಯಾರ್ರೀ! ಆತ ಯಾರಿಗೂ ಕೊಂದಿಲ್ರೀ!"

ಬೆಳಬೆಳಗ್ಗೆ ಪಾಂಡಪ್ಪನ ಹೆಂಡತಿ ಭೂದೇವಿ ಹೀಗೆ ಬಾಗಿಲಲ್ಲಿ ಕುಸಿದಾಗ ಮನ್ಮಥಪ್ಪ ಆಟೋ ಒರೆಸುತ್ತಿದ್ದ. ನಾರಾಯಣಖೇಡದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಹಾನಂದಾ ಟೀಚರ್ ಸುತ್ತಲಿನ ಎಷ್ಟೋ ಗುಟ್ಟುಗಳನ್ನು ಬಯಲಿಗೆಳೆದಿದ್ದರು. ಅಲ್ಲಿಗೆಲ್ಲ ಅವರನ್ನು ಒಯ್ದವನು ತಾನೇ ಎಂಬ ಜಂಬ ಮನ್ಮಥಪ್ಪನಿಗೆ ಚೂರು ಜಾಸ್ತಿಯೇ ಇತ್ತು.

"ಸತ್ತ ವೀರಪ್ಪನ ಕೈ ಭಾಳ ಮುಂದಿತ್ತು ಟೀಚರ್," ಎಂದ ದಾರಿಯಲ್ಲಿ. "ತನ್ನ ಹೊಲ ಕಾಯೋ ಪಾಂಡಪ್ಪಗೂ ಬಡದಿದ್ದ, ಮೊನ್ನೆ ಬಸ್‌ಸ್ಟ್ಯಾಂಡಿನಾಗ ಸ್ವಂತ ತಮ್ಮಗೂ ಚಪ್ಪಲಿಲೆ ಬಾರಿಸಿದ."

ಮನೂರ್ ಕಡೆಯ ತೊಗರಿ ಹೊಲದ ಬಳಿ ಅವನು ಆಟೋ ನಿಲ್ಲಿಸಿದ. ವೀರಪ್ಪ ಬದುವಿನ ಮೇಲೆ ಅಂಗಾತ ಬಿದ್ದಿದ್ದ. ಎದೆ ಸೀಳಿ, ರಕ್ತ ಸಾಲಿಗೆ ಇಳಿದಿತ್ತು. ಆಚೆ ಬೇವಿನ ಮರ ತಬ್ಬಿದಂತೆ ಕಟ್ಟಿದ್ದ ಪಾಂಡಪ್ಪನ ಬೆನ್ನಿಗೆ ಬಡಿಗೆಗಳು ಬೀಳುತ್ತಲೇ ಇದ್ದವು. "ಬಡೀರಿ! ನಮ್ಮಣ್ಣಗ ತಿಂದಾನ!" ಎಂದು ತಮ್ಮ ಲಿಂಗರಾಜ ಚೀರುತ್ತಿದ್ದ.

"ಬಿಚ್ಚರಿ ಅವಗ!" ಟೀಚರ್ ಗದರಿದರು. ಆಗಷ್ಟೇ ಬಂದ ಸಬ್‌ಇನ್ಸ್‌ಪೆಕ್ಟರ್ ಕಟ್ಟು ಬಿಚ್ಚಿಸಿದರು.

"ಹಂದಿಗಿ ದೊಡ್ಡ ಮದ್ದು ತುಂಬಿ ಬಂದೂಕು ಮಂಚಿಗಿ ಮ್ಯಾಲ ಇಟ್ಟಿದ್ನಿರೀ," ಪಾಂಡಪ್ಪ ತೊದಲಿದ. "ನಸುಕಿನಾಗ ಡಬ್ಬಿ ಬಡ್ಯಾಕ ಆ ತುದೀಗಿ ಹೋಗಿದ್ದೆ. ಢಂ ಅಂತು. ಓಡಿ ಬಂದು ಬಂದೂಕು ಎತ್ತಿದೆ, ಮಂದಿ ನೋಡಿದ್ರು."

ಮಂಚಿಗಿ ಎಂಬ ಆ ಕಾವಲು ಅಟ್ಟಣಿಗೆಯ ಗೂಟಕ್ಕೆ ಮಡಿಸಿದ ಗೋಣಿಯೊಂದು ತೂಗುತ್ತಿತ್ತು. ಮಡಿಕೆಗಳಲ್ಲಿ ಇಬ್ಬನಿ ಹಾಗೇ ಇತ್ತು, ಗೂಟಕ್ಕೂ ಗೋಣಿಗೂ ಜೇಡದ ಎಳೆ ಹರಿದಿರಲಿಲ್ಲ.

"ಇದ್ಯಾಕಪ್ಪಾ?" ಟೀಚರ್ ಪಾಂಡಪ್ಪನನ್ನು ಕೇಳಿದರು.

"ಹೆಗಲಿಗಿ ಕಟ್ಕೋತೀನ್ರೀ. ಮುದಿ ಬಂದೂಕು, ಕತ್ತೆ ಒದ್ದಂಗ ಒದೀತದ."

ಟೀಚರ್ ಅವನ ಅಂಗಿ ಬಿಚ್ಚಿಸಿದರು. ಬೆನ್ನ ತುಂಬ ಬಾಸುಂಡೆ; ಮುಂದೆ, ಹೆಗಲ ಹತ್ತಿರ, ಒಂದು ಗೀರೂ ಇರಲಿಲ್ಲ.

ಸಂಜೆ ಆಸ್ಪತ್ರೆಯಿಂದ ಬಂದ ಹೆಣವನ್ನು ಹೂವಿನ ವಿಮಾನದಲ್ಲಿ ಕೂರಿಸಿದರು. ಲಿಂಗರಾಜ ಅದರ ಬೊಂಬಿಗೆ ಬಲ ಹೆಗಲು ಕೊಟ್ಟ. ಎರಡೇ ಹೆಜ್ಜೆಗೆ "ಯವ್ವಾ!" ಎಂದು ನರಳಿ ಬೊಂಬನ್ನು ಎಡಕ್ಕೆ ಬದಲಿಸಿದ. ಒಡಹುಟ್ಟಿದವನ ಸಂಕಟ ಎಂದು ಮನ್ಮಥಪ್ಪ ಕಣ್ಣೊರೆಸಿಕೊಂಡ. ಟೀಚರ್ ಮಾತ್ರ ಬೊಂಬನ್ನೇ ನೋಡುತ್ತಿದ್ದರು.

ಮಣ್ಣಾದ ಮೇಲೆ ಎಲ್ಲರನ್ನೂ ಬೇವಿನ ಕೆಳಗೆ ಕೂಡಿಸಿದರು.

"ಬಂದೂಕು ಗುಂಡಿಗಿ ಎಷ್ಟು ಜೋರಿಂದ ಮುಂದ ನೂಕತದೋ, ಅಷ್ಟೇ ಜೋರಿಂದ ತಾನು ಹಿಂದ ಬರತದ. ಅದು ಯಾರದರ ಹೆಗಲಿಗಿ ಬಡೀಲೇಬೇಕು. ಗೋಣಿ ಗೂಟದಾಗೇ ಇತ್ತು, ಯಾರೂ ಮುಟ್ಟಿಲ್ಲ. ಅಂದ್ರ ಹೊಡದವ ಬರೀ ಹೆಗಲ ಮ್ಯಾಲ ಒದಿ ತಿಂದಾನ. ಪಾಂಡಪ್ಪನ ಹೆಗಲು ಚೊಕ್ಕ ಅದ. ಅವನಾದ್ರ ಗೋಣಿ ಮರೀತಿದ್ದಿಲ್ಲ. ಈ ಬಂದೂಕಿನ ಒದಿ ಗೊತ್ತಿಲ್ಲದವನೇ ಹೊಡದಾನ. ಲಿಂಗರಾಜ, ಅಂಗಿ ಬಿಚ್ಚು."

ಲಿಂಗರಾಜ ಓಡಿದ. ಇಬ್ಬರು ಪೇದೆಗಳು ಕೆಡವಿ ಅಂಗಿ ಹರಿದರು. ಬಲ ಹೆಗಲಿನ ಕೆಳಗೆ ಅಂಗೈಯಗಲ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು.

"ಹಾಂ, ನಾನೇ!" ಅವನು ಮಣ್ಣು ಉಗುಳಿದ. "ನಾಕು ಮಂದ್ಯಾಗ ಚಪ್ಪಲಿಲೆ ಹೊಡದ. ಕೊಟ್ಟದ್ದು ತಿರುಗಿ ಕೊಟ್ಟೆ!"

"ತಿರುಗಿ ಬರೋದು ಸಮ ಇರತದಪ್ಪಾ," ಎಂದರು ಟೀಚರ್. "ಒಂದು ಚಪ್ಪಲಿ ಏಟಿಗಿ ಒಂದು ಜೀವ, ಮ್ಯಾಲ ಈ ಪಾಂಡಪ್ಪನ ಬೆನ್ನು. ಇದ್ಯಾವ ಸಮ?"

ಬೆಳಗ್ಗೆ ಬಡಿಗೆ ಹಿಡಿದಿದ್ದವರೇ ಪಾಂಡಪ್ಪನನ್ನು ಎತ್ತಿ ಆಟೋಗೆ ತಂದರು. ಭೂದೇವಿ ಗೂಟದ ಗೋಣಿ ತಂದು ಆಟೋ ಸೀಟಿಗೆ ಒರಗಿಸಿ, ಅದರ ಮೇಲೆ ಗಂಡನ ಬೆನ್ನನ್ನು ಮೆಲ್ಲಗೆ ಆನಿಸಿದಳು. ಊರು ಮುಟ್ಟುವವರೆಗೆ ಮನ್ಮಥಪ್ಪ ಒಂದು ತಗ್ಗಿಗೂ ಗಾಲಿ ಇಳಿಸಲಿಲ್ಲ.