ಬಿರಿಟಾ ಅಜ್ಜಿಯ ಮನೆಯ ಗಾಳಿಗಣ್ಣು

ಫ್ಯಾರೋ ದ್ವೀಪದ ಆ ಪುಟ್ಟ ಊರು ಮಂಜಿನೊಳಗೆ ಕನಸು ಕಾಣುತ್ತ ಮಲಗಿದಂತಿತ್ತು. ದೋಣಿ ಕಟ್ಟುವ ಹಾನುಸ್ ಬಿರಿಟಾ ಅಜ್ಜಿಯ ಶವಪೆಟ್ಟಿಗೆಗೆ ಹಲಗೆ ಹೆರೆಯುತ್ತಿದ್ದ. ಬೆಳಗಿನಿಂದ ಹಲಗೆ ಹಿಡಿದು ನಿಂತಿದ್ದ ಅಜ್ಜಿಯ ಮಗ ಯಾಕುಪ್ ಮನೆಗೆ ಹೋದವನು ಓಡುತ್ತ ಮರಳಿದ.

"ಅಮ್ಮನ ಎದೆ ಮೇಲಿದ್ದ ಬೆಳ್ಳಿ ಪಿನ್ನು ಮಾಯ! ಬಿಲ್ಲಾಳದೇ ಕೆಲಸ. ಹೆಣ ಕಾಯ್ತಾ ಕೂತಿದ್ದೋಳು ಅವಳೇ. ಇವತ್ತೇ ಊರು ಬಿಡಿಸ್ತೀನಿ!"

ಅಜ್ಜಿಯ ಆರೈಕೆ ಮಾಡುತ್ತಲೇ ಬದುಕು ಸವೆಸಿದ ಬಿಲ್ಲಾಳಿಗೆ ಬೇರೆ ಊರೆಲ್ಲಿ? ಹಾನುಸ್ ನೇರವಾಗಿ ಸುನ್ನೇವ ಅಕ್ಕೋರನ್ನು ಕರೆತಂದ. ಶಾಲೆಯಲ್ಲಿ ಕಲಿಸುವುದು ಬಿಟ್ಟ ಮೇಲೆ ಆಕೆ ಮಾತುಗಳ ಬೇರು ಹುಡುಕುತ್ತಿದ್ದರು. ಊರಲ್ಲಿ ಏನೇ ಕಳೆದರೂ ಅದನ್ನೂ ಹುಡುಕುತ್ತಿದ್ದರು.

ಅಜ್ಜಿಯ ಹೆಣ ಮಲಗಿಸಿದ್ದ, ನಡುವೆ ಒಲೆಯಿದ್ದ ಹಳೆಯ ಹೊಗೆಕೋಣೆಯಲ್ಲಿ ಬಿಲ್ಲಾ ಮೂಲೆಗೆ ಸರಿದು ಅಳುತ್ತಿದ್ದಳು. ಬಂಡೆಯಿಂದ ಬಿದ್ದಾಗಿನಿಂದ ಅವಳ ಬಲಗೈ ಹೆಗಲಿಗಿಂತ ಮೇಲೇಳುತ್ತಿರಲಿಲ್ಲ. ಕೋಪನ್‌ಹೇಗನ್ನಿನಿಂದ ಬಂದಿದ್ದ ಅಜ್ಜಿಯ ಮಗಳು ರನ್ವಾ, ಆ ಚಳಿಯಲ್ಲೂ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದಳು.

"ಬೇಗ ನೋಡಿ ಅಕ್ಕೋರೇ. ಇಲ್ಲಾಂದ್ರೆ ದೆವ್ವ ಒಯ್ತು ಅಂತಾರೆ ನಮ್ಮೋರು," ಎಂದು ನಕ್ಕಳು. ನಗು ಕಣ್ಣಿಗೆ ಮುಟ್ಟಲಿಲ್ಲ.

ಅಕ್ಕೋರು ಬಿಳಿ ಹೊದಿಕೆಯ ಮೇಲಿನ ಮಸಿ ಮುಟ್ಟಿದರು. ಅಜ್ಜಿಯ ಜಡೆ ಬಿಚ್ಚಿತ್ತು, ಸೊಂಟದ ದಾರವೂ ಸಡಿಲಾಗಿತ್ತು. ಒಲೆಗಲ್ಲು ಹಸಿಯಾಗಿತ್ತು. ಗೋಡೆಗೊರಗಿದ್ದ ಉದ್ದನೆಯ ಗಳದ ತುದಿಯಲ್ಲಿ ಆಗಷ್ಟೇ ಹರಿದ ಜೇಡರಬಲೆ ನೇತಾಡುತ್ತಿತ್ತು.

ಆಮೇಲೆ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿದರು.

"ಕಿಟಕಿಗೆ ನಾವೇನಂತೀವಿ, ಹಾನುಸ್?"

"ವಿಂಡೇಯ್ಗ. ಇದ್ಯಾಕೀಗ ಅಕ್ಕೋರೇ, ಪಾಠವಾ?"

"ಹೌದು, ಸುಮ್ನೆ ಕೇಳು. ಗಾಳಿಯ ಕಣ್ಣು ಅಂತ ಅದರರ್ಥ. ಡೇನರ ವಿಂದೂ, ಇಂಗ್ಲಿಷರ ವಿಂಡೋ, ಎಲ್ಲ ಅದೇ ಬೇರಿನ ಮಕ್ಕಳೇ. ಸ್ವೀಡನ್ನಿನೋರು ಅದನ್ನ ಬಿಟ್ಟು ಪರದೇಶದ ಮಾತು ತಂದ್ಕೊಂಡ್ರು. ಗಾಜು ಬರೋಕೆ ಮುಂಚೆ ಆ ಕಣ್ಣು ಅಲ್ಲಿತ್ತು." ಅವರು ಸೂರಿನ ನಡುವಣ ಹೊಗೆಕಿಂಡಿ ತೋರಿಸಿದರು. "ಅದಕ್ಕೇ ಮೇಲೆ ನೋಡ್ದೆ. ಮುಚ್ಚಳ ಮುಚ್ಚಿದೆ, ಆದರೆ ಕೆಳಗೆ ಮಂಜಿನ ಹನಿ, ಮಸಿ. ಯಾರೋ ಗಳದಿಂದ ತೆಗೆದು ಮುಚ್ಚಿದಾರೆ. ಅದಕ್ಕೆ ಎರಡೂ ಕೈ ಎತ್ತಬೇಕು, ಬಿಲ್ಲಾಳಿಂದ ಆಗದು. ಯಾಕುಪ್ ಹಾನುಸನ ಹತ್ರ ಇದ್ದ."

"ಆದರೆ ಕಳ್ಳ ಸೂರು ಯಾಕೆ ತೆಗೀತಾನೆ?" ಯಾಕುಪ್ ಕೇಳಿದ.

"ಕಳ್ಳ ಜಡೆನೂ ಬಿಚ್ಚಲ್ಲಪ್ಪ. ಗಂಟು, ಪಿನ್ನು ಏನಿದ್ರೂ ಸತ್ತೋರ ಜೀವ ಸಿಕ್ಕಿಹಾಕ್ಕೊಳ್ಳುತ್ತೆ, ಎಲ್ಲ ಬಿಚ್ಚಿ ಸೂರು ತೆಗೀಬೇಕು ಅಂತಿದ್ದೋಳು ನಿಮ್ಮಮ್ಮನೇ. ರನ್ವಾ, ಅಂಗಿ ತೋಳಿನ ಮಡಿಕೆ ಬಿಚ್ಚು ಮಗಳೇ."

ಮಡಿಕೆ ಬಿಚ್ಚಿತು. ಬಿಳಿ ತೋಳಿನ ತುದಿ ಮಸಿಯಿಂದ ಕಪ್ಪಾಗಿತ್ತು.

ರನ್ವಾ ಜೇಬಿನಿಂದ ಪಿನ್ನು ತೆಗೆದಳು. "ಬಿಲ್ಲಾ ಉರುವಲು ತರಕ್ಕೆ ಹೋಗಿದ್ಲು... ಅವಳ ಹೆಜ್ಜೆ ಕೇಳ್ತು, ಗಾಬರಿಲಿ ಮುಚ್ಚಿಬಿಟ್ಟೆ. ಜೀವಮಾನವೆಲ್ಲ ಅಮ್ಮನ ಈ ನಂಬಿಕೆನೇ ಆಡ್ಕೊಂಡು ನಗ್ತಿದ್ದೋಳು ನಾನು. ಅಣ್ಣ ಕೂಗಾಡಿದಾಗ ಬಾಯೇ ಬರಲಿಲ್ಲ. ಬಿಲ್ಲಾ, ನಿನ್ನ ಕಾಲು ಹಿಡೀತೀನಿ."

ಬಿಲ್ಲಾ ಕಣ್ಣೊರೆಸಿಕೊಂಡು ಸೂರನ್ನೇ ನೋಡಿದಳು.

"ಅಷ್ಟು ಬೇಗ ಯಾಕಮ್ಮ ಮುಚ್ಚಿದೆ? ಅಮ್ಮನ ಮಂಡಿ ನೋವು ನಿಂಗೊತ್ತಿಲ್ವಾ? ಅವರು ನಿಧಾನಕ್ಕೆ ಹತ್ತಬೇಕು."

ಯಾಕುಪ್ ಎದ್ದ. ಗಳ ಎತ್ತಿ ಮುಚ್ಚಳ ಸರಿಸಿದ. ಮಂಜು ಮೆಲ್ಲನೆ ಒಳಗಿಳಿಯಿತು. ಎಲ್ಲರೂ ತಲೆಬಾಗಿ, ಅಜ್ಜಿ ನಿಧಾನಕ್ಕೆ ಹತ್ತಿಹೋಗಲು ಸಾಕಾಗುವಷ್ಟು ಹೊತ್ತು, ಕುಳಿತೇ ಇದ್ದರು.